ಕಥಾನಾಯಕಿಗೆ ಸೊಂಟನೋವಿಲ್ಲ

ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವವಳಿಗೆ ನಗು ದಿನಕ್ಕೊಂದು ಸಿಕ್ಕೇ ಸಿಗುತ್ತದೆ. ಸಿಟ್ಟು ಮಾತ್ರ ನನಗೆ ವಾರಕ್ಕೊಮ್ಮೆ, ಗುರುವಾರ ಗುರುವಾರ, ಬಂಗಾರಪೇಟೆ ಕಡೆಯಿಂದ ಬರುವ ಬೆಳಗಿನ ರೈಲಿನಲ್ಲಿ ಬರುತ್ತಿತ್ತು. ವಾರಪತ್ರಿಕೆಯ ಕಟ್ಟು ಬರುತ್ತಿದ್ದದ್ದು ಆ ರೈಲಿನಲ್ಲೇ. ಪತ್ರಿಕೆಯ ನಡುಪುಟದಲ್ಲಿ ಒಂದು ಧಾರಾವಾಹಿ, ಧಾರಾವಾಹಿಯಲ್ಲಿ ಒಬ್ಬಳು ನಾಯಕಿ, ಆ ನಾಯಕಿಗೆ ಒಂದು ಮೈ. ಹೆಂಗಸಿನ ಮೈ ಅಂತ ಬರೆದಿರುತ್ತಿದ್ದರು. ಒಂಬತ್ತು ವರ್ಷ ಹೆರಿಗೆ ಮಾಡಿಸಿದ ನಾನು ಅಂಥದ್ದೊಂದು ಮೈಯನ್ನು ಒಂದು ದಿನವೂ ಕಂಡಿರಲಿಲ್ಲ.

ಕನ್ನಡ ನಾಡು ಒಂದಾದ ಎರಡು ಮೂರು ವರ್ಷದ ಮೇಲಿನ ಮಾತು ಇದು. ಚಿನ್ನದ ಗಣಿಯ ಊರಾದ ಉರಿಗಾಂನಲ್ಲಿ, ಗಣಿಯವರಿಗೆ ಕಟ್ಟಿಸಿದ ಲೈನು ಮನೆಗಳ ಸಾಲಿನಲ್ಲಿ ನಾನಿದ್ದೆ. ಎಲ್ಲರಿಗೂ ನರ್ಸಮ್ಮ. ಪಕ್ಕದ ಮನೆಯಲ್ಲಿ ಕೆಲಸದವರ ಹಾಜರಿ ಬರೆಯುವ ಗಣಿಯ ಟೈಮ್ ಆಫೀಸಿನ ಗುಮಾಸ್ತ, ಅವನ ತಾಯಿ, ಹೊಸದಾಗಿ ಬಂದ ಹೆಂಡತಿ. ಹುಡುಗಿ ಬಂಗಾರಪೇಟೆ ಪಕ್ಕದ ಹಳ್ಳಿಯ ಬೇಸಾಯದ ಮನೆಯವಳು. ತಾಯಿ ಇಲ್ಲದವಳು. ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ನಲ್ಲಿಯಿಂದ ಒಂದೇ ಉಸಿರಿಗೆ ಬರುವ ಗಟ್ಟಿಗಿತ್ತಿ. ಗುಮಾಸ್ತ ಕೆಟ್ಟವನೇನಲ್ಲ. ಕಾದಂಬರಿ ಓದುತ್ತಿದ್ದ, ಓದಿದ್ದನ್ನೆಲ್ಲ ನಂಬುತ್ತಿದ್ದ, ಅಷ್ಟೇ. ಆ ನಂಬಿಕೆಯಿಂದ ಆ ಹುಡುಗಿ ಗಂಡನ ಮನೆ ಬಿಡುವ ಹಂತಕ್ಕೆ ಬಂದಿದ್ದಳು. ನೆನೆಸಿಕೊಂಡರೆ ನನಗೆ ಈಗಲೂ ಮೊದಲು ಸಿಟ್ಟು ಬರುತ್ತದೆ, ನಗು ಆಮೇಲೆ.

ಹೊರಗೆ ಕೂರದವಳು

ಗುರುವಾರ ಸಂಜೆ ಗುಮಾಸ್ತ ಧಾರಾವಾಹಿಯ ಕಂತನ್ನು ತಾಯಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಶುಕ್ರವಾರ ಪತ್ರಿಕೆ ನನ್ನ ಕೈಗೆ ಬರುತ್ತಿತ್ತು. ಮಧ್ಯಾಹ್ನದ ಸೈರನ್ ಕೂಗಿ, ಗಂಡಸರು ಪಾಳಿಗೆ ಹೋದ ಮೇಲೆ ನಮ್ಮ ಲೈನಿನ ಹೆಂಗಸರು ಅಕ್ಕಿ ಮೊರ, ಹೊಲಿಗೆ ಬಟ್ಟೆ ಹಿಡಿದುಕೊಂಡು ನನ್ನ ಜಗಲಿಗೆ ಬರುತ್ತಿದ್ದರು. ನಾನು ಕನ್ನಡದಲ್ಲಿ ಓದುವುದು, ಎದುರು ಮನೆಯಾಕೆಗೆ ತಮಿಳಿನಲ್ಲಿ ಹೇಳುವುದು.

ಒಂದು ಶುಕ್ರವಾರ ನಾಯಕಿ ಗುಡಿಯಲ್ಲಿ ದೀಪ ಹಚ್ಚುತ್ತಿದ್ದಳು. ಅಕ್ಕಿ ಆರಿಸುತ್ತಿದ್ದ ಒಬ್ಬ ಹೆಂಗಸು ಕೈ ನಿಲ್ಲಿಸಿದಳು.

"ನರ್ಸಮ್ಮ, ಇವ್ಳು ದಿನಾ ಗುಡಿಗೆ ಓಗ್ತಾಳಾ?"

"ದಿನಾ ಹೋಗ್ತಾಳೆ."

"ಒಂದಿನಾನೂ ತಪ್ಸಿಲ್ವಾ?"

"ತಪ್ಪಿಸಿದ್ಲು ಅಂತ ಎಲ್ಲೂ ಬರೆದಿಲ್ಲ."

"ಕತೆ ಸುರುವಾದಾಗ ಯುಗಾದಿ. ಈಗ ಗೌರಿ ಅಬ್ಬ ಬಂತು. ಒಂದ್ಸಲಾನೂ ಒರಗೆ ಕೂತಿಲ್ಲ ಅಂದ್ರೆ..."

ನಾನು ಅದನ್ನೇ ತಮಿಳಿನಲ್ಲಿ ಹೇಳಿದೆ. ಎದುರು ಮನೆಯಾಕೆ ಬೆರಳು ಮಡಚಿ ಎಣಿಸಿದಳು. ಐದನೆಯ ಬೆರಳಿಗೆ ಬಂದಾಗ "ಅಯ್ಯಯ್ಯೋ!" ಅಂತ ಬಾಯಿ ಮುಚ್ಚಿಕೊಂಡಳು.

"ಮದ್ವೇನೇ ಆಗಿಲ್ವಲ್ಲೇ ಅವ್ಳಿಗೆ!" ಅಂದಳು ಇನ್ನೊಬ್ಬಳು.

ಸಂಜೆಯ ಹೊತ್ತಿಗೆ ನಲ್ಲಿಯ ಹತ್ತಿರ ಸುದ್ದಿ ಗಟ್ಟಿಯಾಗಿತ್ತು. ನಾಯಕಿಗೆ ಐದು ತಿಂಗಳು. ಯಾರ ಕೆಲಸ ಅನ್ನುವುದೂ ತೀರ್ಮಾನವಾಗಿ ಹೋಗಿತ್ತು, ಕತೆಯಲ್ಲಿ ಅವಳಿಗೆ ವೀಣೆ ಹೇಳಿಕೊಡುವ ಸಂಗೀತದ ಮೇಷ್ಟ್ರದ್ದು. ಈ ಮಾತು ಗುಮಾಸ್ತನ ಕಿವಿಗೆ ಬಿತ್ತು. ಕೆಂಪಗಾಗಿ ನಮ್ಮ ಮನೆಗೆ ಬಂದ.

"ಏನ್ರೀ ನರ್ಸಮ್ಮ, ಆಕೆ ಹೂವಿನಂಥವಳು. ತಿಂಗಳಿನ ಆ ಗಲೀಜೆಲ್ಲ ಆಕೆಗಿಲ್ಲ!"

ಗಲೀಜಂತೆ. ಆ ಗಲೀಜಿನಿಂದಲೇ ಹುಟ್ಟಿ, ಟೈಮ್ ಆಫೀಸಿನಲ್ಲಿ ಕುರ್ಚಿ ಹಾಕಿಕೊಂಡು ಕೂತವನು ಆಡುವ ಮಾತು. ನನಗೆ ನೆತ್ತಿಗೇರಿತು.

"ಇಷ್ಟು ವಯಸ್ಸಾದರೂ ಇಲ್ಲ ಅಂದ್ರೆ ಅದು ಕಾಯಿಲೆ. ನಾಳೆನೇ ಆಸ್ಪತ್ರೆಗೆ ಕರ್ಕೊಂಡು ಬನ್ನಿ, ಡಾಕ್ಟರಮ್ಮನ ಹತ್ತಿರ ತೋರಿಸೋಣ" ಅಂದೆ.

ಆಮೇಲೆ ಎರಡು ವಾರ ಅವನು ಪತ್ರಿಕೆ ಕೊಡಲಿಲ್ಲ.

ಅರ್ಧ ಬಾಳೆಹಣ್ಣು

ಕತೆಯಲ್ಲಿ ನಾಯಕಿಗೆ ಮದುವೆಯಾಯಿತು, ಬಸುರಿಯಾದಳು. ಪಕ್ಕದ ಮನೆಯ ಹುಡುಗಿಯೂ ಬಸುರಿಯಾದಳು. ಅಲ್ಲಿಂದ ಅವಳ ಗ್ರಹಚಾರ ಶುರು.

ನಾಯಕಿ ಬಸುರಿನಲ್ಲಿ ಏನು ತಿನ್ನುತ್ತಿದ್ದಳು? ಒಂದು ಬೆಳ್ಳಿ ಬಟ್ಟಲು ಹಾಲು, ಅರ್ಧ ಬಾಳೆಹಣ್ಣು. ಉಳಿದರ್ಧ ಗಂಡ ತಿನ್ನುತ್ತಿದ್ದ. ಏಳನೆಯ ತಿಂಗಳಿನಲ್ಲೂ ಅವಳ ಸೊಂಟ ಹಿಡಿಯಷ್ಟೇ ಇತ್ತಂತೆ. ಏಳು ತಿಂಗಳ ಕೂಸನ್ನು ಕತೆ ಬರೆದ ಮಹಾನುಭಾವರು ಎಲ್ಲಿಟ್ಟಿದ್ದರೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಒಂದು ದಿನ ಹುಡುಗಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕಣ್ಣು ಕತ್ತಲೆ ಬಂದು ಕುಸಿದಳು. ಎಬ್ಬಿಸಿ ಒಳಗೆ ಕರೆತಂದು ಕೇಳಿದೆ. "ಏನು ತಿಂದೆ ಬೆಳಗ್ಗೆಯಿಂದ?"

"ಒಂದ್ಲೋಟ ಆಲು. ಬಾಳೆಅಣ್ಣು ಅರ್ಧ."

"ಮುದ್ದೆ?"

"ಅವ್ರು ಬ್ಯಾಡ ಅಂದವ್ರೆ ನರ್ಸಮ್ಮ. ಒಳ್ಳೆ ಎಂಗಸ್ರು ಬಸ್ರೀಲಿ ಅಂಗೆ ತಿನ್ನಲ್ವಂತೆ. ಪುಸ್ತಕದಾಗೈತಂತೆ."

ಅತ್ತೆಯನ್ನು ಕೇಳಿದೆ. ಆಕೆ ಓದು ಬಾರದವಳು, ವಯಸ್ಸಿನಲ್ಲಿ ಕಲ್ಲು ಒಡೆದು ಮಗನನ್ನು ಓದಿಸಿದವಳು. "ನಾನು ನಾಕು ಮುದ್ದೆ ತಿಂತಿದ್ನವ್ವ ಇವ್ನು ಒಟ್ಟೇಲಿದ್ದಾಗ. ಆದ್ರೆ ಓದ್ದೋನು ಏಳ್ತಾವ್ನೆ. ಕಾಲ ಬದಲಾಗೈತೇನೋ" ಅಂದಳು.

ಕಾಲ ಬದಲಾಗಬಹುದು, ಹೊಟ್ಟೆ ಬದಲಾಗುತ್ತದೆಯೇ? ಅವತ್ತಿನಿಂದ ಗುಮಾಸ್ತ ಆಫೀಸಿಗೆ ಹೋದ ಕೂಡಲೇ ಹುಡುಗಿ ನಮ್ಮ ಮನೆಗೆ ಬರುತ್ತಿದ್ದಳು. ಎರಡು ಮುದ್ದೆ, ಮೇಲೆ ಬಸ್ಸಾರು, ಕೊನೆಗೆ ಮಜ್ಜಿಗೆ. ಬಾಯಿ ಒರೆಸಿಕೊಂಡು ಹೋಗುತ್ತಿದ್ದಳು. ಎರಡು ತಿಂಗಳಿಗೆ ಕೆನ್ನೆ ತುಂಬಿಕೊಂಡಿತು. ಗುಮಾಸ್ತ ನನ್ನನ್ನು ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಲ್ಲಿ ನಿಲ್ಲಿಸಿ ಎದೆಯುಬ್ಬಿಸಿ ಹೇಳಿದ:

"ನೋಡಿದ್ರಾ ನರ್ಸಮ್ಮ? ಬರೀ ಅರ್ಧ ಬಾಳೆಹಣ್ಣು! ನಮ್ಮ ಆಫೀಸಿನವರಿಗೆಲ್ಲ ಇದನ್ನೇ ಹೇಳಿದ್ದೀನಿ, ಅವರವರ ಮನೆಯಲ್ಲೂ ಮಾಡಲಿ ಅಂತ."

ಮಾರನೆಯ ದಿನದಿಂದ ನಮ್ಮ ಮನೆಯಲ್ಲಿ ಮಧ್ಯಾಹ್ನ ಮೂವರು ಬಸುರಿಯರು ಊಟಕ್ಕೆ ಕೂರತೊಡಗಿದರು.

ಮಲ್ಲಿಗೆ ದಂಡೆ

ಧಾರಾವಾಹಿಯಲ್ಲಿ ಹೆರಿಗೆ ಮೂರು ಸಾಲಿನಲ್ಲಿ ಮುಗಿಯಿತು. ಒಳಗಿಂದ ಒಂದು ಮೆಲ್ಲನೆಯ ನರಳಿಕೆ, ಆಮೇಲೆ ಮಗುವಿನ ಅಳು, ಆಮೇಲೆ ಗಂಡ ಮುಡಿಗೆ ಮಲ್ಲಿಗೆ ಮುಡಿಸಿದ. ಬೆವರಿಲ್ಲ, ರಕ್ತವಿಲ್ಲ. ಕೈ ಹಿಡಿದುಕೊಳ್ಳಲು ಒಬ್ಬ ದಾದಿಯೂ ಇಲ್ಲ. ಆ ಕಂತು ಓದಿ ನಾನು ಪತ್ರಿಕೆಯನ್ನು ಜಗಲಿಯಿಂದ ಆಚೆಗೆ ಬಿಸಾಡಿದ್ದೆ. ಎದುರು ಮನೆಯಾಕೆ ಎತ್ತಿಕೊಂಡು ಬಂದು, ಧೂಳು ಕೊಡವಿ, ಪೂರ್ತಿ ಓದಿ ಅಂತ ಕೈಗೆ ಕೊಟ್ಟಳು.

ನಮ್ಮ ಹುಡುಗಿಗೆ ನೋವು ಕಾಣಿಸಿಕೊಂಡದ್ದು ಒಂದು ಬೆಳಗ್ಗೆ. ತಾಯಿಯಿಲ್ಲದ ತವರಿಗೆ ಹೆರಿಗೆಗೆ ಕಳಿಸುವುದು ಹೇಗೆ ಅಂತ ಇಲ್ಲೇ ಇಟ್ಟುಕೊಂಡಿದ್ದರು. ಆರು ಗಂಟೆಗೆ ವಾರ್ಡಿಗೆ ಸೇರಿಸಿದೆವು. ಆರೂವರೆಗೆ ಗುಮಾಸ್ತ ಬಾಗಿಲಿಗೆ ಬಂದ. ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ದಂಡೆ.

"ಆಯ್ತಾ ನರ್ಸಮ್ಮ?"

"ಏನು ಆಯ್ತಾ? ಈಗಿನ್ನೂ ಮಲಗಿಸಿದ್ದೀವಿ."

ಏಳಕ್ಕೆ ಬಂದ, ಎಂಟಕ್ಕೆ ಬಂದ. ಹನ್ನೊಂದರ ಹೊತ್ತಿಗೆ ಮಲ್ಲಿಗೆ ಬಾಡಿತು, ಅವನ ಮುಖವೂ ಬಾಡಿತು. ಮಧ್ಯಾಹ್ನ ಎರಡಕ್ಕೆ ಒಳಗಿಂದ ಒಂದು ಕೂಗು ಕೇಳಿಸಿತು. ಹುಡುಗಿ ಗಂಡನ ಹೆಸರು ಹಿಡಿದು ಕೂಗಿದ್ದಳು. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಎತ್ತುವುದಿಲ್ಲ. ಆಸ್ಪತ್ರೆಯ ಚೀಟಿಯಲ್ಲಿ ಬರೆಸುವಾಗಲೂ ಪಕ್ಕದವರ ಬಾಯಲ್ಲಿ ಹೇಳಿಸುತ್ತಾರೆ. ಇವಳು ಸೂರು ಹಾರಿಹೋಗುವ ಹಾಗೆ ಎತ್ತಿದಳು. ಹೆಸರಿನ ಜೊತೆಗೆ ಅವನ ವಂಶ, ಅವನ ಟೈಮ್ ಆಫೀಸು, ಅವನ ಬಾಳೆಹಣ್ಣು ಎಲ್ಲವನ್ನೂ ಸೇರಿಸಿ ಅರ್ಧ ಕನ್ನಡದಲ್ಲಿ, ಅರ್ಧ ತವರೂರಿನ ತೆಲುಗಿನಲ್ಲಿ ಉಗಿದಳು. "ಭೇಷ್, ಇನ್ನೂ ಜೋರಾಗಿ" ಅಂತ ನಾನು ಬೆನ್ನು ನೀವುತ್ತಿದ್ದೆ.

ಸಂಜೆ ಏಳಕ್ಕೆ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಕ್ಷೇಮ. ಹೊರಗೆ ಬಂದು ನೋಡಿದರೆ ಗುಮಾಸ್ತ ಬೆಂಚಿನ ತುದಿಯಲ್ಲಿ ಕೂತು ಗೋಡೆ ನೋಡುತ್ತಿದ್ದಾನೆ. ಹೆಣ್ಣೋ ಗಂಡೋ ಅಂತಲೂ ಕೇಳಲಿಲ್ಲ.

"ನರ್ಸಮ್ಮ, ಮಧ್ಯಾಹ್ನ ಕೂಗಿದ್ದು ಇವಳೇನಾ?"

"ಮತ್ತಿನ್ಯಾರು?"

"ಇವಳಿಗೆ ನನ್ನ ಹೆಸರು ಗೊತ್ತಿತ್ತಾ!"

ಒಳಗೆ ಇನ್ನೊಂದು

ಹೆರಿಗೆಗೆ ತವರಿಗೆ ಹೋಗುವುದು, ಐದು ತಿಂಗಳು ಬಾಣಂತನ ಮುಗಿಸಿ ಮೈ ತುಂಬಿಕೊಂಡು ಮಗುವಿನ ಜೊತೆ ಬರುವುದು ನಮ್ಮ ಪದ್ಧತಿ. ಇದರಲ್ಲಿ ಹೆಂಗಸಿಗೆ ವಿಶ್ರಾಂತಿ ಸಿಗುತ್ತದೆ, ಸರಿ. ಆದರೆ ಗಂಡಸಿಗೆ ಸಿಗುವುದು ಅಜ್ಞಾನ. ಹೋಗುವಾಗ ಹೊಟ್ಟೆ ನೋಡುತ್ತಾನೆ, ಬರುವಾಗ ಮಗು ನೋಡುತ್ತಾನೆ. ನಡುವೆ ಏನಾಯಿತು ಅನ್ನುವುದಕ್ಕೆ ಅವನಿಗಿರುವುದು ಧಾರಾವಾಹಿಯೊಂದೇ. ಧಾರಾವಾಹಿಯ ನಾಯಕಿ ಹೆತ್ತ ಮೂರನೆಯ ದಿನ ಬಿಳಿ ಸೀರೆಯುಟ್ಟು ವೀಣೆ ನುಡಿಸಿದ್ದಳು.

ನಮ್ಮ ಗುಮಾಸ್ತನ ಎದುರಿಗೆ ಬಂದದ್ದು ನಿಜವಾದ ಬಾಣಂತಿ. ತಲೆಗೆ ಬಿಗಿದ ಬಟ್ಟೆ, ಕಿವಿಗೆ ಹತ್ತಿ, ಸಾಂಬ್ರಾಣಿ ಹೊಗೆಯ ವಾಸನೆ, ಹಾಲಿನಿಂದ ಒದ್ದೆಯಾದ ರವಿಕೆ. ನಾಲ್ಕನೆಯ ದಿನ ಅವನು ನನ್ನನ್ನು ಹಿತ್ತಲಿಗೆ ಕರೆದು ಪಿಸುಗುಟ್ಟಿದ:

"ನರ್ಸಮ್ಮ, ಹೊಟ್ಟೆ ಇನ್ನೂ ದಪ್ಪಗಿದೆ. ಒಳಗೆ ಇನ್ನೊಂದು ಉಳ್ಕೊಂಡಿದೆ ಅನ್ಸುತ್ತೆ. ನೀವು ಸರಿಯಾಗಿ ನೋಡಿದ್ರಾ?"

ಅವತ್ತು ನಕ್ಕಿದ್ದೆ. ನಗಬಾರದಿತ್ತು. ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಹುಡುಗಿ ಮಗುವನ್ನೆತ್ತಿಕೊಂಡು ಬಂದು ನನ್ನ ಮುಂದೆ ನಿಂತಳು. ಬಟ್ಟೆ ಬದಲಾಯಿಸುವಾಗ ಗಂಡ ಅವಳ ಹೊಟ್ಟೆಯ ಮೇಲಿನ ಗೆರೆಗಳನ್ನು ನೋಡಿದ್ದನಂತೆ. ಚರ್ಮ ಹಿಗ್ಗಿ ಕುಗ್ಗಿದಾಗ ಬೀಳುವ ಗೆರೆಗಳು. ನಾಯಕಿಯ ಹೊಟ್ಟೆಯ ಮೇಲೆ ಅಂಥವಿಲ್ಲವಲ್ಲ! ಇದು ಯಾವುದೋ ಕಾಯಿಲೆ, ಮುಚ್ಚಿಟ್ಟು ಮದುವೆ ಮಾಡಿದ್ದಾರೆ, ಮಗಳನ್ನು ಬಂದು ಕರೆದುಕೊಂಡು ಹೋಗಿ ಅಂತ ಮಾವನಿಗೆ ಕಾಗದ ಬರೆದಿದ್ದ. ಇನ್ನೂ ಅಂಚೆಗೆ ಹಾಕಿರಲಿಲ್ಲ. ತಾಯಿಗೆ "ಅವಳ ಮೈಯಲ್ಲಿ ದೋಷವಿದೆ" ಅಂದಿದ್ದ, ಏನು ದೋಷ ಅಂತ ಹೇಳಿರಲಿಲ್ಲ. ಹೆಂಡತಿಯ ಹೊಟ್ಟೆಯ ಮಾತನ್ನು ತಾಯಿಯ ಹತ್ತಿರ ಆಡುವಷ್ಟು ಅವನು ಅಸಭ್ಯನಲ್ಲ.

"ಅತ್ತೆಗೆ ನಾನು ಹೇಳ್ತೀನಿ" ಅಂದೆ.

"ಬ್ಯಾಡ ನರ್ಸಮ್ಮ, ನಾಚ್ಕೆ. ನನ್ ಮಗಳಾಣೆ" ಅಂತ ಮಗುವಿನ ತಲೆಯ ಮೇಲೆ ನನ್ನ ಕೈ ಇಡಿಸಿಕೊಂಡಳು.

ಗುಮಾಸ್ತನನ್ನೇ ಹಿಡಿದುಕೊಂಡೆ. ಬಾಯಿಗೆ ಬಂದ ಹಾಗೆ ಬೈದೆ. "ಒಂಬತ್ತು ವರ್ಷದಲ್ಲಿ ಎಷ್ಟು ಹೊಟ್ಟೆ ನೋಡಿದ್ದೀನಿ ಗೊತ್ತೇನ್ರೀ? ಹೆತ್ತವರಿಗೆ ಇದು ಇದ್ದದ್ದೇ!"

ಅವನು ನನ್ನನ್ನೇ ಸಮಾಧಾನ ಮಾಡುವವನ ಹಾಗೆ ನಿಧಾನವಾಗಿ ಹೇಳಿದ. "ನೀವಿರೋದು ಆಸ್ಪತ್ರೆಯಲ್ಲಿ ನರ್ಸಮ್ಮ. ನಿಮ್ಮ ಹತ್ತಿರ ಬರೋರೆಲ್ಲ ಕಾಯಿಲೆಯವರೇ ತಾನೆ?"

ಸಂಪಾದಕರ ಉತ್ತರ

ಆ ಸಿಟ್ಟಿನಲ್ಲಿ ಪತ್ರಿಕೆಗೆ ಮೂರು ಪುಟದ ಕಾಗದ ಬರೆದೆ. ಹೆಂಗಸಿಗೆ ಬೆನ್ನು ನೋಯುತ್ತದೆ, ಕಾಲು ಊದುತ್ತದೆ, ಹೆತ್ತ ಮೇಲೆ ಕೂದಲು ಉದುರುತ್ತದೆ, ಹೊಟ್ಟೆಯ ಮೇಲೆ ಗೆರೆ ಬೀಳುತ್ತದೆ. ನಿಮ್ಮ ಲೇಖಕರಿಗೆ ದಯವಿಟ್ಟು ತಿಳಿಸಿ, ಇದನ್ನು ಅಚ್ಚು ಹಾಕಿ ಅಂತ ಕೇಳಿಕೊಂಡೆ. ಹದಿನೈದು ದಿನಕ್ಕೆ ಒಂದು ಕಾರ್ಡು ಬಂತು. ನಮ್ಮದು ಸಂಸಾರಸ್ಥರು ಓದುವ ಪತ್ರಿಕೆ, ಇಂಥ ಅಶ್ಲೀಲ ವಿಷಯ ಪ್ರಕಟಿಸಲಾಗದು.

ಆ ವಾರದ ಕಂತಿನಲ್ಲಿ ನಾಯಕಿ ಹೊಳೆಯಲ್ಲಿ ಮಿಂದು ಬಂದಿದ್ದಳು. ಅವಳ ಒದ್ದೆ ಸೀರೆ ಎಲ್ಲೆಲ್ಲಿ ಅಂಟಿಕೊಂಡಿತ್ತು ಅನ್ನುವುದಕ್ಕೆ ಸಂಸಾರಸ್ಥರಿಗಾಗಿ ಒಂದೂವರೆ ಪುಟ ಕೊಟ್ಟಿದ್ದರು, ಚಿತ್ರದ ಸಮೇತ.

ಬಂಗಾರಪೇಟೆಯ ತೀರ್ಪು

ಅಷ್ಟರಲ್ಲಿ ಆ ಧಾರಾವಾಹಿಯ ಕಾದಂಬರಿಕಾರರೇ ಬಂಗಾರಪೇಟೆಗೆ ನಾಡಹಬ್ಬದ ಭಾಷಣಕ್ಕೆ ಬರುತ್ತಾರೆ ಅಂತ ಸುದ್ದಿ ಬಂತು. ಮಾವನಿಗೆ ಬರೆದ ಕಾಗದ ಇನ್ನೂ ಗುಮಾಸ್ತನ ಜೇಬಿನಲ್ಲೇ ಇತ್ತು. ಅವನ ತಾಯಿ ಒಂದು ಮಾತು ಹೇಳಿದಳು.

"ಕಾಗದ ಈಗ್ಲೇ ಆಕ್ಬ್ಯಾಡ. ಎಂಗಸ್ರ ಇಸ್ಯ ಅಷ್ಟೆಲ್ಲ ಬರ್ದಿರೋ ದೊಡ್ ಮನ್ಸ, ಅವ್ರಿಗೆ ಎಲ್ಲಾ ಗೊತ್ತಿರ್ತದೆ. ಅವ್ರನ್ನೇ ಕೇಳು. ಅವ್ರು ಇರ್ಲಿ ಅಂದ್ರೆ ಇರ್ಲಿ, ಕಳ್ಸು ಅಂದ್ರೆ ಕಳ್ಸಾಣ."

ಗುಮಾಸ್ತ ಒಪ್ಪಿದ. ಹೆರಿಗೆ ಮಾಡಿಸಿದವಳು ಪಕ್ಕದ ಮನೆಯಲ್ಲೇ ಇದ್ದೀನಿ. ತೀರ್ಪು ಕೊಡುವವರು ರೈಲಿನಲ್ಲಿ ಬರಬೇಕಂತೆ! ತಾಯಿ ಮಗನ ಜೊತೆ ನಾನೂ ರಜೆ ಹಾಕಿ ಹೊರಟೆ. ಹೊರಡುವಾಗ ನೋಡುತ್ತೇನೆ, ಹುಡುಗಿ ಮಗುವಿನ ಬಟ್ಟೆಗಳನ್ನೆಲ್ಲ ಮಡಚಿ ಗಂಟು ಕಟ್ಟಿಟ್ಟಿದ್ದಾಳೆ. "ಕಳಿಸಿದ್ರೆ ಓಗ್ಬೇಕಲ್ಲ ನರ್ಸಮ್ಮ. ಅಪ್ಪ, ಅಣ್ಣ ಏನೂ ಅನ್ನಕ್ಕಿಲ್ಲ. ಅತ್ತಿಗೆ ಅಂತಾಳೆ" ಅಂದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಅಳಲಿಲ್ಲ.

ಮಧ್ಯಾಹ್ನದ ಸಭೆ. ಸ್ಕೂಲಿನ ಹಾಲಿನಲ್ಲಿ ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು. ಕಾದಂಬರಿಕಾರರು ಜರಿ ಶಾಲು ಹೊದ್ದು ಸ್ತ್ರೀಯ ಅಂತರಂಗದ ಬಗ್ಗೆ ಒಂದು ಗಂಟೆ ಮಾತಾಡಿದರು. ಕೊನೆಗೆ ಅಧ್ಯಕ್ಷರು, "ಪ್ರಶ್ನೆಗಳಿದ್ದರೆ ಚೀಟಿಯಲ್ಲಿ ಬರೆದು ಕಳಿಸಿ" ಅಂದರು. ಗುಮಾಸ್ತ ಮನೆಯಿಂದಲೇ ಬರೆದು ತಂದಿದ್ದ ಚೀಟಿ ಮೊದಲು ಹೋಯಿತು. ಅಧ್ಯಕ್ಷರು ಕನ್ನಡಕ ಏರಿಸಿ, ಒಳಗೇನಿದೆ ಅಂತ ನೋಡದೆ, ಮೈಕಿನಲ್ಲಿ ಗಟ್ಟಿಯಾಗಿ ಓದಿಬಿಟ್ಟರು:

"ಪೂಜ್ಯರೇ, ಪ್ರಸವಾನಂತರ ಸ್ತ್ರೀಯ ಉದರದ ಮೇಲೆ ಗೆರೆಗಳು ಮೂಡುವುದು ಯಾವ ರೋಗದ ಲಕ್ಷಣ? ಅಂಥ ಸ್ತ್ರೀಯನ್ನು ತವರಿಗೆ ಕಳಿಸುವುದು ಉಚಿತವೇ?"

ನನ್ನ ಪಕ್ಕದಲ್ಲಿ ಕೂತಿದ್ದ ಗುಮಾಸ್ತನ ತಾಯಿಗೆ ಅರ್ಧ ಅರ್ಥವಾಯಿತು. "ಏನದು ನರ್ಸಮ್ಮ? ಎಲ್ಲಿ ಗೆರೆ?"

ಹುಡುಗಿಗೆ ಕೊಟ್ಟ ಮಾತನ್ನು ಮೈಕೇ ಮುರಿದಿತ್ತು. "ಹೊಟ್ಟೆಯ ಮೇಲೆ ಕಣಮ್ಮ. ಹೆತ್ತ ಮೇಲೆ ಬೀಳುತ್ತಲ್ಲ, ಅದು. ಅದೇ ನಿಮ್ಮ ಸೊಸೆಯ ದೋಷ."

ಆಕೆ ನನ್ನನ್ನೇ ನೋಡಿದಳು. "ಇದ್ಕಾ? ಇದ್ಕಾ ಇವ್ನು ಕಾಗದ ಬರ್ದಿರಾದು?"

ವೇದಿಕೆಯ ಮೇಲೆ ಕಾದಂಬರಿಕಾರರು ಗಂಟಲು ಸರಿಮಾಡಿಕೊಂಡರು. "ನಾನು ಐದು ಮಕ್ಕಳ ತಂದೆ. ನನ್ನ ಅನುಭವದಲ್ಲಿ ಇಂಥದ್ದನ್ನು ಕಂಡಿಲ್ಲ. ನನ್ನ ಧರ್ಮಪತ್ನಿ ಪ್ರತಿ ಸಲವೂ ತವರಿಗೆ ಹೋಗಿ, ಐದು ತಿಂಗಳಿಗೆ ಹೋದ ಹಾಗೆಯೇ ಹಿಂತಿರುಗುತ್ತಾಳೆ. ಇದು ಯಾವುದೋ ಚರ್ಮರೋಗವೇ ಇರಬೇಕು."

ಐದು ಮಕ್ಕಳು! ಒಂದು ಸಲವೂ ಬೆಳಕಿನಲ್ಲಿ ಹೆಂಡತಿಯ ಕಡೆ ನೋಡಿಲ್ಲ, ಆದರೆ ಪುಟಗಟ್ಟಲೆ ಹೆಂಗಸಿನ ಮೈ ಬರೆದು ಹಾಕಿದ್ದಾರೆ. ನಾನು ದಡಕ್ಕನೆ ಎದ್ದು ನಿಂತೆ. "ಅಲ್ಲ ಸ್ವಾಮಿ..." ಅನ್ನುವಷ್ಟರಲ್ಲಿ ಅಧ್ಯಕ್ಷರು, "ಮಹಿಳೆಯರಿಗೆ ಕೊನೆಯಲ್ಲಿ ಅವಕಾಶವಿದೆ, ಕೂತ್ಕೊಳ್ಳಿ ತಾಯಿ" ಅಂದರು.

ಗುಮಾಸ್ತನ ತಾಯಿ ಯಾರ ಅವಕಾಶಕ್ಕೂ ಕಾಯಲಿಲ್ಲ. ನನ್ನನ್ನು ದಾಟಿಕೊಂಡು ನೇರ ಗಂಡಸರ ಕಡೆಗೆ ನಡೆದಳು. ಮಗನ ರಟ್ಟೆ ಹಿಡಿದು ಎಬ್ಬಿಸಿ, ವೇದಿಕೆಯ ಮುಂದಿನ ಕಿಟಕಿಯ ಬೆಳಕಿಗೆ ಎಳೆದುಕೊಂಡು ಬಂದಳು. ಎಲ್ಲರೂ ನೋಡುತ್ತಿರುವಂತೆಯೇ ಸೆರಗು ಸರಿಸಿ, ಸೀರೆಯ ನೆರಿಗೆಯನ್ನು ನಾಲ್ಕು ಬೆರಳಿನಷ್ಟು ಕೆಳಗೆ ಒತ್ತಿದಳು.

"ನೋಡ್ಲಾ ಇಲ್ಲಿ."

ಹಾಲಿನಲ್ಲಿದ್ದ ಗಂಡಸರ ತಲೆಗಳೆಲ್ಲ ಒಟ್ಟಿಗೆ ಮೇಲಕ್ಕೆ ಹೋದವು. ಅಧ್ಯಕ್ಷರು ಸೂರಿನ ಹೆಂಚು ಎಣಿಸತೊಡಗಿದರು. ಸ್ತ್ರೀಯ ಅಂತರಂಗ ಬಲ್ಲವರು ಶಾಲಿನಲ್ಲಿ ಮುಖ ಒರೆಸಿಕೊಂಡರು.

"ಅಮ್ಮಾ, ಏನಮ್ಮಾ ಇದು..." ಅಂತ ಗುಮಾಸ್ತ ಕಣ್ಣು ಮುಚ್ಚಿಕೊಂಡ.

"ಕಣ್ ಬಿಡ್ಲಾ! ಈ ಗೆರೆ ನಿಮ್ಮಕ್ಕ. ಇದು ಸತ್ತೋದ್ನಲ್ಲ, ನಿಮ್ಮಣ್ಣ, ಅವ್ನು. ಈ ಉದ್ದಕ್ಕಿರೋದು ನೀನು ಕಣ್ಲಾ, ನೀನೇ ಬರ್ದಿರಾದು. ರೋಗ್ವಂತೆ ರೋಗ! ಈ ರೋಗ ಇಲ್ದಿದ್ರೆ ನೀನೆಲ್ಲಿಂದ ಬತ್ತಿದ್ಯೋ? ವಾರವಾರಾನೂ ಕಂಡೋರು ಬರ್ದಿದ್ನ ನಂಗೆ ಓದಿ ಏಳ್ತಿದ್ಯಲ್ಲ. ಇದ್ನ ಓದು. ಗಟ್ಟಿಯಾಗಿ ಓದು, ಮ್ಯಾಲೆ ಕೂತವ್ರಲ್ಲ, ಅವ್ರಿಗೂ ಕೇಳ್ಸಲಿ!"

ಅವನು ಕಣ್ಣು ಬಿಟ್ಟ. ತಾಯಿಯ ಹೊಟ್ಟೆಯನ್ನು ನೋಡಿದ. ಮಗುವಿನ ಹಾಗೆ ಗಳಗಳ ಅತ್ತುಬಿಟ್ಟ. ಆಕೆ ಸೀರೆ ಸರಿಮಾಡಿಕೊಂಡು, ಅವನ ಅಂಗಿಯ ಜೇಬಿಗೆ ಕೈ ಹಾಕಿ ಕಾಗದ ತೆಗೆದಳು. ನಾಲ್ಕು ಚೂರು ಮಾಡಿ ಕಾದಂಬರಿಕಾರರ ಮುಂದಿನ ಮೇಜಿನ ಮೇಲಿಟ್ಟಳು.

"ನನ್ ಸೊಸೆ ಎಲ್ಲಿಗೂ ಓಗಾಕಿಲ್ಲ ಸ್ವಾಮಿ. ನೀವೇ ಒಂದ್ಸಲ ನಿಮ್ಮನೇಲಿ ಬೆಳಕಲ್ಲಿ ನೋಡಿ ಬರೀರಿ."

ಸಭೆಯಲ್ಲಿ ಮೊದಲು ಚಪ್ಪಾಳೆ ತಟ್ಟಿದವರು, ಮುಂದಿನ ಸಾಲಿನಲ್ಲಿ ಐದನೆಯ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಕಾದಂಬರಿಕಾರರ ಧರ್ಮಪತ್ನಿ.